ನಕ್ಷೆಯ ಮೇಲೆ ಕೂಡಿದ ಗೆರೆಗಳು

ಇಂಥ ಕಥೆಗಳನ್ನು ಯಾರಾದರೂ ಹೇಳಲು ಶುರುಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಈಗ ನಾನೇ ಹೇಳುತ್ತಿದ್ದೇನೆ. ನೀವು ನಂಬದಿದ್ದರೆ ನನಗೆ ಬೇಸರವಿಲ್ಲ.

ಕೊಡಗು ಇನ್ನೂ ಪ್ರತ್ಯೇಕ ರಾಜ್ಯವಾಗಿದ್ದ ಕಾಲ. ಪರವಾನಗಿಯಿಲ್ಲದ ವೈರ್‌ಲೆಸ್ ಯಂತ್ರಗಳನ್ನು ಪತ್ತೆಹಚ್ಚುವುದು ನನ್ನ ಕೆಲಸ. ಅಮ್ಮತ್ತಿ ಕಡೆಯಿಂದ ಯಾರೋ ಕಳ್ಳ ಸಂಕೇತ ಕಳಿಸುತ್ತಿದ್ದಾರೆಂಬ ಗುಮಾನಿ ಬಂದು ನನ್ನನ್ನು ಅಲ್ಲಿಗೆ ಅಟ್ಟಿದರು. ವಿಧಾನ ಸರಳ. ಬಳೆಯಂಥ ಆಂಟೆನಾವನ್ನು ತಿರುಗಿಸುತ್ತ ಹೋದರೆ ಒಂದು ದಿಕ್ಕಿನಲ್ಲಿ ಸದ್ದು ಅಡಗುತ್ತದೆ. ನಕ್ಷೆಯಲ್ಲಿ ಆ ದಿಕ್ಕಿಗೆ ಗೆರೆ ಎಳೆಯಬೇಕು. ಬೇರೆ ಜಾಗಕ್ಕೆ ಹೋಗಿ ಇನ್ನೊಂದು ಗೆರೆ. ಎರಡೂ ಕೂಡುವಲ್ಲಿ ಯಂತ್ರವಿರುತ್ತದೆ.

ನನ್ನ ಗೆರೆಗಳು ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಸೋಮಯ್ಯನ ಮನೆಯ ಮೇಲೆ ಕೂಡಿದವು. ಅವನು ಯುದ್ಧಕಾಲದಲ್ಲಿ ಸೈನ್ಯದ ವೈರ್‌ಲೆಸ್ ವಿಭಾಗದಲ್ಲಿದ್ದವನೆಂದು ತಿಳಿದ ಮೇಲೆ, ಜೊತೆಗಿದ್ದ ಇನ್ಸ್‌ಪೆಕ್ಟರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಬೇಕಿರಲಿಲ್ಲ.

"ಕರೆಂಟೇ ಇಲ್ಲದ ಮನೆ ಸಾರ್. ಎಂತ ಹುಡುಕುದು ನೀವು?" ಎಂದು ಸೋಮಯ್ಯ ಕೇಳುತ್ತಲೇ ಇದ್ದ. ಅಟ್ಟ, ಸೌದೆ ರಾಶಿ, ಅಕ್ಕಿ ಡಬ್ಬ ಎಲ್ಲ ಜಾಲಾಡಿದೆವು. ಅಂಗಳ ಅಗೆಸಿದೆವು. ಏನೂ ಇಲ್ಲ. ಆದರೆ ಹೆಡ್‌ಫೋನಿನಲ್ಲಿ ಸದ್ದು ನಿಂತಿರಲಿಲ್ಲ. ಇನ್ಸ್‌ಪೆಕ್ಟರ್ ಅವನಿಗೆ ಕೋಳ ಹಾಕಿಸಿ ಜೀಪು ಹತ್ತಿಸಿದರು. ಅವನ ಹೆಂಡತಿ ಸೀತಮ್ಮ ಅಗೆದ ಮಣ್ಣಿನ ಪಕ್ಕದಲ್ಲಿ ನಿಂತು ನನ್ನನ್ನೇ ನೋಡಿದಳು. ಆ ನೋಟ ತಡೆಯಲಾಗದೆ, ಮತ್ತೊಮ್ಮೆ ಅಳೆಯೋಣವೆಂದೆ.

ಈ ಸಲ ಗೆರೆಗಳು ಮನೆಯ ಮೇಲೆ ಕೂಡಲಿಲ್ಲ. ಬೆಳಿಗ್ಗೆ ನಾನು ಮೊದಲು ಅಳತೆ ಮಾಡಿದ್ದ ರಸ್ತೆ ತಿರುವಿನಲ್ಲಿ ಕೂಡಿದವು. ಅಲ್ಲಿಗೆ ಹೋದರೆ ನಮ್ಮದೇ ಜೀಪಿನ ಚಕ್ರದ ಗುರುತು ಬಿಟ್ಟರೆ ಏನಿಲ್ಲ. ಮುಂದೆ ಹೋಗಿ ಮತ್ತೆ ಅಳೆದೆ. ಗೆರೆಗಳು ಕೂಡಿದ್ದು ಆಗಷ್ಟೇ ನಾವು ಬಿಟ್ಟು ಬಂದಿದ್ದ ಜಾಗದಲ್ಲಿ. ಇನ್ನೂ ಮುಂದೆ ಹೋದೆವು. ಮತ್ತೆ ಹಾಗೆಯೇ.

ಸೋಮಯ್ಯ ಅಷ್ಟು ಹೊತ್ತೂ ಕೋಳ ತೊಟ್ಟು ನಮ್ಮ ಜೊತೆಗೇ ಕೂತಿದ್ದ. ಇನ್ಸ್‌ಪೆಕ್ಟರ್ ಜೀಪು ನಿಲ್ಲಿಸಿ, "ನೀವು ಸ್ವಲ್ಪ ಕೆಳಗಿಳೀರಿ" ಎಂದರು, ನನಗೆ. ನನ್ನ ಚೀಲ, ಹಾಸಿಗೆ ಸುರುಳಿ, ಬ್ಯಾಟರಿ ಪೆಟ್ಟಿಗೆ ಎಲ್ಲವನ್ನೂ ರಸ್ತೆಯಲ್ಲೇ ಬಿಚ್ಚಿಸಿದರು. ಏನೂ ಸಿಗಲಿಲ್ಲ. ಆದರೆ ಅವರ ಕಣ್ಣಿನ ಅನುಮಾನ ಹೋಗಲಿಲ್ಲ.

ಕೊನೆಗೆ ಕೋಳ ಬಿಚ್ಚಿಸಿದರು. ಒಮ್ಮೆ ನೀನೇ ಕೇಳಿ ನೋಡು ಎಂದು ನಾನು ಸೋಮಯ್ಯನತ್ತ ಹೆಡ್‌ಫೋನ್ ಚಾಚಿದೆ. ಅವನು ಹಿಂದೆ ಸರಿದ.

"ಬೇಡ ಸಾರ್. ಅದು ನನ್ನ ಮನೆ ಬಿಟ್ಟು ಬಂದುಂಟು. ನಾನು ಕೇಳಿ, ಅದು ಪುನಃ ಅಲ್ಲಿಗೇ ಬಂದರೆ?"

ಅವನು ತಿರುಗಿ ನೋಡದೆ ತೋಟದೊಳಗೆ ನಡೆದುಹೋದ.

ಯಂತ್ರದಲ್ಲಿ ದೋಷವೆಂದು ಮೇಲಿನವರು ತೀರ್ಮಾನಿಸಿದರು. ಬಿಚ್ಚಿ ಪರೀಕ್ಷಿಸಿದಾಗ ಯಾವ ದೋಷವೂ ಕಾಣಲಿಲ್ಲ. ಆ ದಿನ ವಾಪಸು ಬರುತ್ತ ಕೊಡಗಿನ ಗಡಿಯಾದ ಕುಶಾಲನಗರದ ಸೇತುವೆ ದಾಟುವಾಗ ಇನ್ಸ್‌ಪೆಕ್ಟರ್ ಜೀಪು ನಿಧಾನ ಮಾಡಿ, "ಇಲ್ಲಿಂದ ಒಂದ್ಸಲ ನೋಡ್ತೀರಾ?" ಎಂದರು. ನನ್ನ ಕೈ ಸ್ವಿಚ್ಚಿನ ಮೇಲೆಯೇ ಇತ್ತು. ಒತ್ತಿದ್ದರೆ ಅದು ಇನ್ನೂ ಹಿಂದೆಯೇ ಬರುತ್ತಿದೆಯೋ ಇಲ್ಲವೋ ಗೊತ್ತಾಗುತ್ತಿತ್ತು. ನಾನು ಒತ್ತಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.