ಬಾಳ ಎಂದರೆ ಭಾಳ ಅಲ್ಲ

ಬೆಳಗಾವಿಗೆ ಹೋಗಿ ನಾನು ಮೊದಲು ಕಲಿತ ಮಾತು ‘ಭಾಳ’. ತುಮಕೂರಿನ ನಮಗೆ ಎಲ್ಲವೂ ‘ತುಂಬಾ’. ಅಲ್ಲಿ ಬಿಸಿಲು ಭಾಳ, ಮಳೆ ಭಾಳ, ಪ್ರೀತಿಯೂ ಭಾಳ, ಬೈಗುಳವೂ ಭಾಳ. ಎರಡು ಸಾವಿರದ ಇಸವಿಯ ಆಸುಪಾಸು ಅಲ್ಲಿಯ ಒಂದು ಆಸ್ಪತ್ರೆಯ ತುರ್ತು ವಿಭಾಗದಲ್ಲಿ ನಾನು ರೆಸಿಡೆಂಟ್ ಡಾಕ್ಟರಾಗಿದ್ದೆ. ರೆಸಿಡೆಂಟ್ ಎಂದರೆ ಇಷ್ಟೇ: ತಪ್ಪಾದರೆ ಡಾಕ್ಟರು, ರಜೆ ಕೇಳಿದರೆ ವಿದ್ಯಾರ್ಥಿ. ಮೂರು ತಿಂಗಳಾಗುವ ಹೊತ್ತಿಗೆ ಬಂದವರನ್ನೆಲ್ಲ “ಭಾಳ ನೋವೈತೇನ್ರೀ?” ಎಂದು ಕೇಳಿ ಬೀಗುತ್ತಿದ್ದೆ. ನಮ್ಮ ಹಿರಿಯ ನರ್ಸ್ ಅಲ್ಲಿಯವರೇ, ಕನ್ನಡ ಮರಾಠಿ ಎರಡನ್ನೂ ಒಂದೇ ಉಸಿರಿನಲ್ಲಿ ಆಡುವವರು. “ಶಾಣ್ಯಾರಾದ್ರಿ ಬಿಡ್ರಿ ಡಾಕ್ಟರ್ರ” ಎಂದು ನಗುತ್ತಿದ್ದರು. ಅಲ್ಪವಿದ್ಯಾ ಮಹಾಗರ್ವಿ ಎಂದು ನೇರವಾಗಿ ಹೇಳಿದ್ದರೆ ಒಳ್ಳೆಯದಿತ್ತು.

ಅಮ್ಮ ಹೋಗಿ ಆಗ ಮೂರು ವರ್ಷ. ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ, ‘ಮಗಾ’ ಎನ್ನುತ್ತಿದ್ದಳು. ನಾನು ಪಾಸಾದ ಮೇಲೆ ಅಪ್ಪ ಹೆಮ್ಮೆಯಿಂದ ‘ಡಾಕ್ಟ್ರೇ’ ಎನ್ನತೊಡಗಿದರು. ಭಾನುವಾರ ಮಹಾಂತೇಶ ನಗರದ ನನ್ನ ರೂಮಿನ ಹತ್ತಿರದ ಎಸ್‌ಟಿಡಿ ಬೂತಿಗೆ ಹೋದರೆ ಆ ಕಡೆಯಿಂದ “ಏನ್ ಡಾಕ್ಟ್ರೇ, ಊಟ ಆಯ್ತಾ?” ಎಂದು ಕೇಳಿಸುತ್ತಿತ್ತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎನ್ನುತ್ತಾರೆ. ಸರಿ, ಆ ಬಂಧು ಹೋದ ಮೇಲೆ ಏನು ಮಾಡಬೇಕು ಎಂದು ಗಾದೆ ಕಟ್ಟಿದ ಪುಣ್ಯಾತ್ಮರು ಹೇಳಿಲ್ಲ. ನನ್ನನ್ನು ಮಗುವೇ ಎಂದು ಕರೆಯುವವರು ಈ ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ, ಅದು ನನಗೆ ದಿನಾ ನೆನಪಾಗುತ್ತಿತ್ತು.

ಒಂದು ಮೇ ತಿಂಗಳ ಮಧ್ಯಾಹ್ನ ಖಾನಾಪುರದಿಂದ ಇಬ್ಬರು ಹೆಂಗಸರು ಬಂದರು. ಐವತ್ತೈದರ ಆಸುಪಾಸಿನ ಒಬ್ಬಾಕೆ ಎದೆಯ ಮೇಲೆ ಕೈಯಿಟ್ಟುಕೊಂಡಿದ್ದಳು. ಪಕ್ಕದ ಮನೆಯಾಕೆ ಹಿಡಿದುಕೊಂಡು ಬಂದಿದ್ದಳು. “ಗಂಡ ತೀರ್ಕೊಂಡು ಇನ್ನ ತಿಂಗಳ ಆಗಿಲ್ರಿ. ಊಟಾನೂ ಇಲ್ಲ, ನಿದ್ದಿನೂ ಇಲ್ಲ” ಎಂದು ನನಗೆ ಹೇಳಿ ಪಕ್ಕದ ಮನೆಯಾಕೆ ಚೀಟಿ ಮಾಡಿಸುವ ಸಾಲಿನಲ್ಲಿ ನಿಲ್ಲಲು ಹೋದಳು. ಉಳಿದವರು ನಾವಿಬ್ಬರೇ.

ಆಕೆ ನನ್ನ ಕೈ ಹಿಡಿದು, “ಬಾಳ, ದುಖತಯ್” ಎಂದಳು.

ಭಾಳ ದುಃಖ. ಎಷ್ಟು ಸುಲಭವಾಗಿ ಅರ್ಥವಾಯಿತು ನೋಡಿ! ಹೊಸ ವಿಧವೆ, ಊಟವಿಲ್ಲ, ನಿದ್ರೆಯಿಲ್ಲ, ಭಾಳ ದುಃಖ. ಬೆವರುತ್ತಿದ್ದಳು, ಮೇ ತಿಂಗಳಲ್ಲಿ ಯಾರು ಬೆವರುವುದಿಲ್ಲ? ಎದೆ ಹಿಡಿದುಕೊಂಡು ಬಂದವರಿಗೆ ಮೊದಲು ಇಸಿಜಿ, ಆಮೇಲೆ ಮಾತು ಎಂದು ನಮ್ಮ ಸರ್ ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ನಾನು ಆಕೆಯನ್ನು ಬೆಂಚಿನ ಮೇಲೆ ಕೂರಿಸಿ, ನೀರು ಕುಡಿಸಿ, ಬೆನ್ನು ಸವರುತ್ತಾ, “ಅತ್ತುಬಿಡಿ ಅಮ್ಮಾ, ಹಗುರಾಗುತ್ತೆ” ಎನ್ನುತ್ತಾ ಕುಳಿತೆ. ಆಕೆ ಮತ್ತೆ ಮತ್ತೆ ಅದನ್ನೇ ಅಂದಳು, ನಾನು ಮತ್ತೆ ಮತ್ತೆ ಸಮಾಧಾನ ಮಾಡಿದೆ. ನನಗೂ ಅಮ್ಮನ ನೆನಪಾಗಿ ಕಣ್ಣು ತುಂಬಿತ್ತು. ಹೀಗೆ ಅರ್ಧ ತಾಸು ಕಳೆದೆವು.

ಔಷಧಿಯ ಟ್ರೇ ಹಿಡಿದು ಹೊರಟಿದ್ದ ಹಿರಿಯ ನರ್ಸ್ ಆ ಮಾತು ಕಿವಿಗೆ ಬಿದ್ದು ಗಕ್ಕನೆ ನಿಂತರು.

“ಅಯ್ಯ, ಏನ್ ಮಾಡಾಕತ್ತೀರಿ ಡಾಕ್ಟರ್ರ! ದುಖತಯ್ ಅಂದ್ರ ನೋಯಾಕತ್ತೈತಿ ಅಂತ್ರಿ ಮರಾಠಿಯೊಳಗ! ಎದಿ ನೋವ್ರಿ ಅದು!”

“ಭಾಳ ದುಃಖ ಅಂದರಲ್ಲ...”

“ಭಾಳ ಅಲ್ರೀ ನನ್ನವ್ವ, ಬಾಳ! ಬಾಳ ಅಂದ್ರ ಕೂಸು. ನಿಮ್ಮನ್ನ ಕೂಸ ಅಂತ ಕರ್ಯಾಕತ್ತಾಳ ಆಕಿ. ಮೊದಲ ಎಬ್ಬಸ್ರಿ, ಇಸಿಜಿ ಮಾಡೂಣು!”

ಇಬ್ಬರೂ ಸೇರಿ ಆಕೆಯನ್ನು ಎಬ್ಬಿಸಿ ಒಳಗೆ ಮಲಗಿಸಿದೆವು. ಇಸಿಜಿಯ ಗೆರೆ ನೋಡಿದರೆ ಅನುಮಾನಕ್ಕೆ ಜಾಗವೇ ಇರಲಿಲ್ಲ, ದೊಡ್ಡ ಹೃದಯಾಘಾತ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟರು, ಆಕೆ ಬದುಕಿದಳು. ಆದರೆ ಹೃದಯದ ಒಂದು ಭಾಗ ಸೋತುಹೋಗಿತ್ತು. “ಅರ್ಧ ತಾಸು ಮೊದಲಾಗಿದ್ದರೆ ಇನ್ನಷ್ಟು ಉಳಿಸಬಹುದಿತ್ತು” ಎಂದು ಸರ್ ನನ್ನ ಮುಖ ನೋಡಿಯೇ ಹೇಳಿದರು. ಅವರು ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಮುಗಿಸುತ್ತಿದ್ದೆ.

ಆಕೆ ಹತ್ತು ದಿನ ವಾರ್ಡಿನಲ್ಲಿದ್ದಳು. ಡ್ಯೂಟಿ ಮುಗಿಸಿ ದಿನಾ ಹೋಗುತ್ತಿದ್ದೆ. ಮಾವಶಿ ಎಂದು ಕರೆಯಲು ನರ್ಸ್ ಹೇಳಿಕೊಟ್ಟರು. ಮಾವಶಿ ಎಂದರೆ ಚಿಕ್ಕಮ್ಮ. ನಾನು ಬಾಗಿಲಲ್ಲಿ ಕಂಡರೆ ಸಾಕು, “ಬಾಳ, ಜೇವ್ಲೀಸ್ ಕಾ?” ಎಂದು ಕೇಳುತ್ತಿದ್ದಳು. ಊಟ ಮಾಡಿದೆಯಾ ಎಂದು. ಸುಳ್ಳು ಹೇಳಿದರೆ ಗೊತ್ತಾಗುತ್ತಿತ್ತು ಆಕೆಗೆ; ತನ್ನ ಪಾಲಿನ ಬಾಳೆಹಣ್ಣು ಸುಲಿದು ಕೈಗಿಡುತ್ತಿದ್ದಳು. ತಪ್ಪು ಮಾಡಿದವಳು ನಾನು, ಹಣ್ಣು ತಿನ್ನುವವಳೂ ನಾನೇ. ನಾಚಿಕೆಯಾಗುತ್ತಿತ್ತು, ಆದರೂ ಮರುದಿನ ಡ್ಯೂಟಿ ಯಾವಾಗ ಮುಗಿಯುತ್ತದೋ ಎಂದು ಗಡಿಯಾರ ನೋಡುತ್ತಿದ್ದೆ. ಹೇಳಿಬಿಡಬೇಕು ಎಂದು ದಿನಾ ಅಂದುಕೊಳ್ಳುವುದು, ಹೇಳಿದರೆ ‘ಬಾಳ’ ಎಂಬ ಆ ಕರೆ ನಿಂತುಹೋದೀತು ಎಂದು ದಿನಾ ನುಂಗಿಕೊಳ್ಳುವುದು. ಹೇಳದೆಯೇ ಆಕೆಯನ್ನು ಊರಿಗೆ ಕಳಿಸಿದೆ.

ಹೋಗುವಾಗ ಮನೆಗೆ ಬಾ ಎಂದು ಕರೆದಿದ್ದಳು. ಜುಲೈನ ಒಂದು ಭಾನುವಾರ ಖಾನಾಪುರದ ಬಸ್ಸು ಹತ್ತಿದೆ. ಜಡಿಮಳೆ ಬಿಟ್ಟುಬಿಟ್ಟು ಬರುತ್ತಿತ್ತು. ಊರಂಚಿನಲ್ಲಿ ಹೆಂಚಿನ ಮನೆ, ಎದುರಿಗೇ ಗದ್ದೆ. ಓಣಿಯ ಹೆಂಗಸರೆಲ್ಲ ಸಾಲಾಗಿ ಬಗ್ಗಿ ಭತ್ತದ ಸಸಿ ನೆಡುತ್ತಿದ್ದರು. ಮಾವಶಿ ಕಟ್ಟೆಯ ಮೇಲೆ ಕಂಬಳಿ ಹೊದ್ದು ಕುಳಿತು ನೋಡುತ್ತಿದ್ದಳು. ನನ್ನನ್ನು ಕಂಡು, “ಯೇ ಬಾಳ, ಯೇ!”, ಬಾ ಕೂಸೇ ಬಾ, ಎಂದು ಕೂಗಿ ಏಳಲು ಹೋದಳು, ಅಷ್ಟಕ್ಕೇ ಏದುಸಿರು ಬಂದು ಮತ್ತೆ ಕುಳಿತಳು.

ಪಕ್ಕದ ಮನೆಯಾಕೆ ಅಕ್ಕಿ ಭಾಕರಿ ಬಡಿಯುತ್ತಾ ಹೇಳಿದಳು: “ನಾಟಿಗೆ ಈಕಿ ಕೈ ಅಂದ್ರ ಕೈ ಇತ್ರಿ. ಈ ವರ್ಷ ಮುಂಜಾನಿಂದ ಸುಮ್ಮ ನೋಡ್ಕೋತ ಕುಂತಾಳ. ಗಂಡ ಹೋದಾಗೂ ಇಷ್ಟ ಅತ್ತಿದ್ದಿಲ್ಲ.”

ನನಗೆ ಬಡಿಸಿದ ಭಾಕರಿಯನ್ನು ಅರ್ಧಕ್ಕೇ ಬಿಟ್ಟೆ. ತಟ್ಟೆ ಪಕ್ಕಕ್ಕಿಟ್ಟು ಎಲ್ಲ ಹೇಳಿದೆ. ಬಂದಷ್ಟು ಮರಾಠಿಯಲ್ಲಿ ನಾನು, ಉಳಿದದ್ದನ್ನು ಪಕ್ಕದ ಮನೆಯಾಕೆ. ನೋವು ಎಂದದ್ದನ್ನು ದುಃಖ ಅಂದುಕೊಂಡೆ, ಕೂಸೇ ಎಂದದ್ದನ್ನು ಭಾಳ ಅಂದುಕೊಂಡೆ, ಮಾಡಬೇಕಾದ್ದು ಮಾಡದೆ ಬೆನ್ನು ಸವರುತ್ತಾ ಕೂತೆ, ನಿನ್ನ ಹೃದಯ ಅಷ್ಟು ಸೋಲುವುದಕ್ಕೆ ನಾನೂ ಕಾರಣ ಎಂದೆ.

ಮಾವಶಿ ಗದ್ದೆಯ ಕಡೆಗೇ ನೋಡುತ್ತಿದ್ದಳು. “ಅರ್ಧಾ ತಾಸ?” ಎಂದು ಒಮ್ಮೆ ಕೇಳಿದಳು. ಹೌದೆಂದೆ. ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡು, “ಜಾವೂ ದೇ” ಎಂದಳು. ಹೋಗಲಿ ಬಿಡು ಎಂದು. ತಾನೇ ಕೈಯಾರೆ ನನ್ನ ತಟ್ಟೆಗೆ ಇನ್ನೊಂದು ಭಾಕರಿ ಹಾಕಿದಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ಅಬ್ಬಾ, ಬದುಕಿದೆ ಎಂದುಕೊಂಡು ತಿಂದೆ.

ಹೊರಡುವಾಗ ಕಟ್ಟೆಯ ಅಂಚಿನ ತನಕ ಬಂದು ಕೈ ಮುಗಿದಳು. “ಸಾವಕಾಶ್ ಜಾವಾ, ಡಾಕ್ಟರ್‌ಬಾಯಿ” ಎಂದಳು.

ಹುಷಾರಾಗಿ ಹೋಗಿ, ಡಾಕ್ಟರಮ್ಮ. ಎರಡು ತಿಂಗಳಲ್ಲಿ ಆಕೆ ಒಮ್ಮೆಯೂ ನನಗೆ ಬಹುವಚನ ಹಚ್ಚಿರಲಿಲ್ಲ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಮರ್ಯಾದೆ ಕೊಟ್ಟವರ ಹತ್ತಿರ ಏನು ಬೇಡುವುದು? ಬಾಯ್ತಪ್ಪಿ ಬಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮಳೆ ನಿಂತಿತ್ತು. ನಾನು ಬೇಕೆಂದೇ ಕೊಡೆಯನ್ನು ಕಟ್ಟೆಯ ಮೇಲೆ ಬಿಟ್ಟು ಓಣಿಯ ತಿರುವಿನ ತನಕ ನಡೆದೆ. ಕೂಗಿ ಕರೆಯುತ್ತಾಳೆ, ಕೂಗುವಾಗ ಹಳೆಯ ಕರೆಯೇ ಬಾಯಿಗೆ ಬರುತ್ತದೆ ಎಂದು ಲೆಕ್ಕ ಹಾಕಿದ್ದೆ. ಯಾರೂ ಕೂಗಲಿಲ್ಲ. ನಾನೇ ವಾಪಸು ಬಂದೆ, ಮರೆತವಳಂತೆ ತಲೆ ಚಚ್ಚಿಕೊಳ್ಳುತ್ತಾ.

ಮಾವಶಿ ಅದೇ ಜಾಗದಲ್ಲಿ ನಿಂತಿದ್ದಳು. ಕೊಡೆಯನ್ನು ಸೆರಗಿನಿಂದ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದಳು.

“ತುಮ್ಚೀ ಛತ್ರಿ, ಡಾಕ್ಟರ್‌ಬಾಯಿ.”

ತುಮ್ಚೀ ಎಂದರೆ ನಿಮ್ಮದು. ಅಷ್ಟು ಮರಾಠಿ ಅಷ್ಟರಲ್ಲಿ ನನಗೆ ಬರುತ್ತಿತ್ತು.