ತಂಗಿಯ ಮುಖಕ್ಕೆ ಮೂರು ಬಣ್ಣ

ಸ್ವೀಡನ್ನಿನ ಕಾರ್ಲ್‌ಸ್ಕ್ರೂನಾದಲ್ಲಿ ಮೊಬೈಲ್ ಆಟಗಳನ್ನು ಮಾಡುವ ಸಣ್ಣ ಕಂಪನಿಯೊಂದರಲ್ಲಿ ನಾನು ನಾಲ್ಕು ವರ್ಷ ಮುಖಗಳನ್ನು ಬಿಡಿಸಿದೆ. ಎರಡು ಸಾವಿರದ ಐದು, ಆರರ ಮಾತು. ಆಗಿನ ಫೋನಿನ ಪರದೆ ಬೆಂಕಿಪೊಟ್ಟಣದಷ್ಟು. ಅದರಲ್ಲಿ ಒಂದು ಮುಖಕ್ಕೆ ಸಿಗುತ್ತಿದ್ದದ್ದು ಹನ್ನೆರಡು ಚುಕ್ಕಿ ಅಗಲ, ಹದಿನಾಲ್ಕು ಚುಕ್ಕಿ ಎತ್ತರ. ಚರ್ಮಕ್ಕೆ ಮೂರೇ ಬಣ್ಣ: ಮೈಗೊಂದು, ನೆರಳಿಗೊಂದು, ಬೆಳಕಿಗೊಂದು.

ರಂಗೋಲಿ ಹಾಕಿ ಬೆಳೆದವಳಿಗೆ ಚುಕ್ಕಿ ಹೊಸದಲ್ಲ ಅಂತ ಸಂದರ್ಶನದಲ್ಲಿ ಜಂಬ ಕೊಚ್ಚಿದ್ದೆ. ಮೊದಲ ವಾರವೇ ಜಂಬ ಇಳಿಯಿತು. ನೆರಳಿಗೆಂದು ಕಪ್ಪು ಬೆರೆಸಿದ್ದೆ, ಮುಖಗಳೆಲ್ಲ ಒಲೆ ಊದಿ ಎದ್ದು ಬಂದವರ ಹಾಗೆ ಕಂಡವು. ನಮ್ಮ ಮುಖ್ಯಸ್ಥೆ, ಮಾತು ಕಡಿಮೆಯ ಸ್ವೀಡಿಷ್ ಹೆಂಗಸು, ಫೀಕಾ ಎಂದು ಅಲ್ಲಿಯವರು ಕರೆಯುವ ಕಾಫಿ ಬಿಡುವಿನಲ್ಲಿ, ಲೋಟ ಹಿಡಿದುಕೊಂಡೇ ತೋರಿಸಿಕೊಟ್ಟಳು. ಕಂದು ಮುಖದ ನೆರಳು ಕಪ್ಪಿನ ಕಡೆ ಹೋಗುವುದಿಲ್ಲ, ನೇರಳೆಯ ಕಡೆ ಹೋಗುತ್ತದೆ. ಬೆಳಕು ಬಿಳಿಯ ಕಡೆಗಲ್ಲ, ಜೇನಿನ ಕಡೆ.

ಬಿಳಿ ಬೆರೆಸಿದರೆ ಏನಾಗುತ್ತದೆ ಎಂಬುದು ಮಾತ್ರ ನನಗೆ ಮೊದಲೇ ಗೊತ್ತಿತ್ತು.

ಸ್ವೀಡನ್ನಿಗೆ ಬರುವ ಎರಡು ವರ್ಷ ಮೊದಲು, ಮಂಗಳೂರಿನಲ್ಲಿ, ತಂಗಿಗೆ ಗಂಡು ಹುಡುಕುತ್ತಿದ್ದೆವು. ಮದುವೆಯ ಮಾತೆತ್ತಿದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದುದರಿಂದ ಸರದಿ ಅವಳಿಗೆ ಬಂದಿತ್ತು. ಅವಳು ನನಗಿಂತ ಕಪ್ಪು. ತೋಳಿಗೆ ತೋಳು ಹಚ್ಚಿ, "ನೀನು ಹಾಲು, ನಾನು ಡಿಕಾಕ್ಷನ್" ಎಂದು ತಾನೇ ತಮಾಷೆ ಮಾಡುತ್ತಿದ್ದಳು. ಯಾರದೋ ಡಿಜಿಟಲ್ ಕ್ಯಾಮೆರಾ ತಂದು ತಾರಸಿಯ ಮೇಲೆ ಅವಳ ಫೋಟೋ ತೆಗೆದೆ. ಪೌಡರಿಲ್ಲದೆ, ಫ್ಲ್ಯಾಶ್ ಇಲ್ಲದೆ, ಸಂಜೆಯ ಬಿಸಿಲಿನಲ್ಲಿ ತೆಗೆದ ಅವಳ ಒಂದೇ ಫೋಟೋ ಅದು.

"ಸ್ವಲ್ಪ ಬೆಳ್ಳಗೆ ಮಾಡಿಕೊಡು ಮಾರಾಯ್ತಿ, ನಿನಗೆ ಅದೆಲ್ಲ ಬರ್ತದಲ್ಲ" ಎಂದರು ಅಮ್ಮ.

ಬರುತ್ತಿತ್ತು. ಅದೇ ನನ್ನ ಸೊಕ್ಕು. ಕಂಪ್ಯೂಟರಿನಲ್ಲಿ ಹತ್ತು ನಿಮಿಷ ಕೂತು ಅವಳನ್ನು ಗೋಧಿಬಣ್ಣ ಮಾಡಿದೆ, ಹಳೆಯ ಫೋಟೋದ ಮೇಲೆಯೇ ಸೇವ್ ಮಾಡಿದೆ, ಅಸಲು ಉಳಿಯಲಿಲ್ಲ. ಪ್ರಿಂಟ್ ನೋಡಿ ತಂಗಿ ನಕ್ಕಳು. "ಇವಳು ಯಾರಕ್ಕಾ? ಅವರು ಇವಳನ್ನು ಒಪ್ಪಿದ್ರೆ ನಾನೆಂತ ಮಾಡುದು?" ನಾವೂ ನಕ್ಕೆವು. ಅವಳು ಮಾತ್ರ ತುಂಬ ಹೊತ್ತು ಆ ಫೋಟೋವನ್ನು ಕೆಳಗಿಡಲಿಲ್ಲ.

ಆ ಮಳೆಗಾಲದಲ್ಲಿ ಐದು ದಿನದ ಜ್ವರಕ್ಕೆ ಅವಳು ಹೋದಳು. ಅವಸರದಲ್ಲಿ ಕಟ್ಟು ಹಾಕಿಸಿ ಹಾರ ಹಾಕಲು ಸಿಕ್ಕಿದ್ದೂ ಅದೇ ಫೋಟೋ.

ಕಾರ್ಲ್‌ಸ್ಕ್ರೂನಾದ ಎರಡನೆಯ ಚಳಿಗಾಲದಲ್ಲಿ ಒಂದು ಆಟಕ್ಕೆ ಲಾಟೀನು ಹಿಡಿದು ಕಾಡು ದಾಟುವ ಹುಡುಗಿ ಬೇಕಾಗಿದ್ದಳು. ಯಾರನ್ನೂ ಕೇಳದೆ ತಂಗಿಯನ್ನು ಬಿಡಿಸತೊಡಗಿದೆ. ಅಗಲ ಹಣೆ, ಮೋಟು ಜಡೆ ಎರಡು ಗಂಟೆಯಲ್ಲಿ ಬಂದವು. ಮೈಬಣ್ಣ ಬರಲಿಲ್ಲ. ಕಂಪನಿಯ ಬಣ್ಣದ ಪಟ್ಟಿಯಲ್ಲಿ ಮುಖಕ್ಕೆಂದು ಇದ್ದವೆಲ್ಲ ಗುಲಾಬಿ. ಕಂದು ಇದ್ದದ್ದು ಮರ, ಮಣ್ಣಿನ ಸಾಲಿನಲ್ಲಿ. ಅಲ್ಲಿಂದ ಒಂದನ್ನು ಎತ್ತಿಕೊಂಡು, ಹಾಲು–ಡಿಕಾಕ್ಷನ್ನಿನ ಲೆಕ್ಕ ಹಿಡಿದು ನನ್ನ ತೋಳನ್ನು ಪರದೆಯ ಪಕ್ಕ ಇಟ್ಟೆ. ಬಿಸಿಲು ಕಾಣದೆ ನನ್ನ ತೋಳೇ ಬಿಳುಚಿಕೊಂಡಿತ್ತು. ಅಳತೆಗೋಲೇ ಸುಳ್ಳಾದ ಮೇಲೆ ಯಾವುದನ್ನು ನಂಬುವುದು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತಾರಲ್ಲ, ಆ ಒಲೆಯ ಮುಂದೆ ಮೂರು ವಾರ ಕೂತೆ. ಒಂದು ಮಧ್ಯಾಹ್ನ ನೇರಳೆ ನೆರಳನ್ನು ಕೆನ್ನೆಯಿಂದ ಒಂದು ಚುಕ್ಕಿ ಹಿಂದೆ ಸರಿಸಿದ್ದೇ ತಡ, ತಂಗಿ ನನ್ನತ್ತ ನೋಡಿದಳು. ಮೇಜಿಗೆ ಹಣೆ ಹಚ್ಚಿ ಅತ್ತೆ.

ಮುಖ್ಯಸ್ಥೆ ನೋಡಿ, ಚೆನ್ನಾಗಿದೆ, ಆದರೆ ಕಾಡಿನ ಕತ್ತಲಲ್ಲಿ ಮುಖ ಕಳೆದುಹೋಗುತ್ತಿದೆ, ಎರಡು ಮೆಟ್ಟಿಲು ತಿಳಿ ಮಾಡು ಎಂದಳು. ಅವಳು ಹೇಳಿದ್ದು ಕೆಲಸದ ಮಾತು. ನನಗೆ ಮೈಯೆಲ್ಲ ಉರಿಯಿತು. ಆಗುವುದಿಲ್ಲ ಎಂದೆ, ಅವಳು ಬೆರಗಾಗುವಷ್ಟು ಜೋರಾಗಿ. ಎರಡು ದಿನ ಕೂತು ಇಡೀ ಕಾಡನ್ನೇ ತಿಳಿ ಮಾಡಿದೆ.

ಮುಂದಿನ ಬೇಸಿಗೆಯಲ್ಲಿ ಅಮ್ಮ ಬಂದರು. ಹಪ್ಪಳ, ಉಪ್ಪಿನಕಾಯಿಯ ನಡುವೆ ಬೈರಾಸಿನಲ್ಲಿ ಸುತ್ತಿದ ತಂಗಿಯ ಫೋಟೋ. ಅದಕ್ಕೆ ಹೂವಿಡದೆ ಅವರು ಕಾಫಿ ಕುಡಿಯುವುದಿಲ್ಲ. ಅಡುಗೆಮನೆಯ ಕಿಟಕಿಕಟ್ಟೆಯ ಮೇಲೆ ಅದನ್ನಿಟ್ಟು, ಅಂಗಳದಿಂದ ಕಿತ್ತು ತಂದ ಹೂವಿಟ್ಟರು. ನಾನು ಫೋನಿನಲ್ಲಿ ಆಟ ತೆರೆದು ಅವರ ಕೈಗೆ ಕೊಟ್ಟೆ.

"ಇದು ಯಾರು ಹೇಳಿ ಅಮ್ಮ."

ಕನ್ನಡಕ ಏರಿಸಿ ನೋಡಿದರು. ಹುಡುಗಿ ಲಾಟೀನು ಹಿಡಿದು ನಡೆಯುತ್ತಿದ್ದಳು. ಅಮ್ಮನ ಬಾಯಿ ಕಂಪಿಸಿತು, ಗುರುತು ಹತ್ತಿತೆಂದುಕೊಂಡೆ. ಹತ್ತಿತ್ತು ಕೂಡ. "ಜಡೆ ಅವಳದ್ದೇ," ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿ ಫೋಟೋ ನೋಡಿದರು, ಮತ್ತೆ ಫೋನು ನೋಡಿದರು.

"ಆದ್ರೆ ಇಷ್ಟು ಕಪ್ಪು ಮಾಡಿದ್ದೆಂತಕ್ಕೆ ಮಗಾ? ಅವಳು ಬೆಳ್ಳಗೆ ಇದ್ದದ್ದಲ್ವಾ. ಫೋಟೋ ಉಂಟಲ್ಲ, ನೋಡು."

ನೀವೇ ಹೇಳಿದ್ದಲ್ವಾ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಮ್ಮ ಫೋಟೋದ ಕೆನ್ನೆಯನ್ನು ಸೆರಗಿನಿಂದ ಒರೆಸುತ್ತಿದ್ದರು.

"ಹೌದಮ್ಮ," ಎಂದೆ. "ನನ್ನದೇ ತಪ್ಪು. ಸರಿ ಮಾಡ್ತೇನೆ."