ಟಗರಿನ ಒಪ್ಪಿಗೆ

ನಾನು ಅನುಮಾನದ ಪ್ರಾಣಿ. ಕಿವಿರು ಎತ್ತಿ ನೋಡದೆ ಮೀನು ಕೊಂಡವಳಲ್ಲ. ವಿಜಯನಗರದ ಕೋಳಿ ಅಂಗಡಿಯವನು ನನ್ನನ್ನು ದೂರದಿಂದ ಕಂಡರೇ ತಕ್ಕಡಿ ಒರೆಸಿಡುತ್ತಾನೆ. ಕುಡಿಯುವ ನೀರನ್ನೂ ಎರಡು ಸಲ ನೋಡುವವಳು ಎಂದು ಗಂಡ ರೇಗಿಸುವುದುಂಟು. ಆದರೆ ಮೂವತ್ತು ವರ್ಷ ನನ್ನನ್ನು ಕೊರೆದ ಅನುಮಾನ ಬೇರೆಯದು. ಅದು ನಮ್ಮ ದೊಡ್ಡಪ್ಪನ ಮೇಲೆ.

ದೊಡ್ಡಪ್ಪ ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ವರ್ಷಕ್ಕೊಮ್ಮೆ ಮನೆ ಪಕ್ಕದ ಖಾಲಿ ಸೈಟಿನಲ್ಲಿ ಮಾರಮ್ಮನಿಗೆ ಟಗರು ಒಪ್ಪಿಸುತ್ತಾರೆ. ನಮ್ಮಲ್ಲೊಂದು ಕಟ್ಟಳೆ ಇದೆ. ಟಗರಿಗೆ ಹಾರ ಹಾಕಿ, ಬೆನ್ನ ಮೇಲೆ ಅರಿಶಿನದ ನೀರು ಸುರಿದು ಕಾಯಬೇಕು. ಅದು ಮೈ ಕೊಡವಿದರೆ ಸಾಯಲು ಒಪ್ಪಿದೆ ಎಂದರ್ಥ. ಕೊಡವದಿದ್ದರೆ ಕಡಿಯುವ ಹಾಗಿಲ್ಲ, ಹಗ್ಗ ಬಿಚ್ಚಿ ಬಿಡಬೇಕು. ನಾನು ಕಂಡಂತೆ ಒಂದು ವರ್ಷವೂ ಹಗ್ಗ ಬಿಚ್ಚಿದ್ದಿಲ್ಲ.

ಅಲ್ಲೇ ನನಗೆ ಗುಮಾನಿ. ಅಷ್ಟು ಟಗರುಗಳಲ್ಲಿ ಬದುಕುವ ಆಸೆಯಿದ್ದದ್ದು ಒಂದೂ ಇರಲಿಲ್ಲವೇ? ಕಿವಿಗೆ ನೀರು ಹೋದರೆ ಯಾವ ಪ್ರಾಣಿಯಾದರೂ ಮೈ ಕೊಡವುತ್ತದೆ. ದೊಡ್ಡಪ್ಪನ ಚೊಂಬು ಕಿವಿಯ ಕಡೆಗೆ ತುಸು ವಾಲುತ್ತದೆ ಎಂದು ಚಿಕ್ಕಂದಿನಿಂದಲೂ ನನ್ನ ಮನಸ್ಸಿನಲ್ಲಿತ್ತು. ನಾನೇನು ಮಾಂಸ ಬಿಟ್ಟವಳಲ್ಲ. ಅಂಗಡಿಯಲ್ಲಿ ಕೋಳಿಯನ್ನು ಯಾರೂ ಏನೂ ಕೇಳುವುದಿಲ್ಲ, ಹಾಗಾಗಿ ಅಲ್ಲಿ ಸುಳ್ಳೂ ಇಲ್ಲ. ಇಲ್ಲಿ ಕೇಳಿದ ಹಾಗೆ ನಟಿಸಿ, ಉತ್ತರವನ್ನೂ ನಾವೇ ಹೇಳಿಕೊಳ್ಳುವುದು ನನಗೆ ಸಿಟ್ಟು ತರಿಸುತ್ತಿತ್ತು.

ಹೋದ ವರ್ಷ ದೊಡ್ಡಪ್ಪನಿಗೆ ಎದೆಯ ಆಪರೇಷನ್ ಆಯಿತು. ಉಳಿದು ಮನೆಗೆ ಬಂದರೆ ದೊಡ್ಡ ಟಗರನ್ನೇ ಕೊಡುತ್ತೇನೆ ಎಂದು ಆಸ್ಪತ್ರೆಗೆ ಹೋಗುವ ಮುಂಚೆ ಹರಕೆ ಹೊತ್ತಿದ್ದರು. ಉಳಿದರು. ಹರಕೆ ತೀರಿಸುವ ದಿನ ತುಂಬಿದ ಚೊಂಬನ್ನು ಎತ್ತಲು ಅವರಿಗೆ ಕಷ್ಟವಾಗುತ್ತಿತ್ತು. ಸಿಕ್ಕಿತು ಸಮಯ ಎಂದು ನಾನು ಮುಂದೆ ಹೋದೆ.

"ಕೊಡಿ ದೊಡ್ಡಪ್ಪ, ಈ ಸಲ ನಾನು ಹುಯ್ತೀನಿ."

"ಹುಯ್ಯವ್ವ, ಮನೆಮಗಳಲ್ವಾ," ಎಂದರು. "ಬೆನ್ನಿನ್ ಮ್ಯಾಲೆ ಮಾತ್ರ ಕಣಮ್ಮ. ಕಿವಿಗ್ ಬೀಳ್ಬಾರ್ದು. ಅದು ಮೋಸ ಆಯ್ತದೆ."

ನನ್ನ ಅನುಮಾನ ಇನ್ನೂ ಹೆಚ್ಚಾಯಿತು. ಮೋಸದ ದಾರಿ ಇಷ್ಟು ಚೆನ್ನಾಗಿ ಗೊತ್ತಿರಬೇಕಾದರೆ ಅದರಲ್ಲಿ ಓಡಾಡಿರಲೇಬೇಕು ಎಂದುಕೊಂಡೆ.

ಬೆನ್ನ ಮೇಲೆ ಸುರಿದೆ. ಟಗರು ಸುಮ್ಮನೆ ನಿಂತಿತು. ಎರಡನೆಯ ಸಲ ಸುರಿದಾಗಲೂ ಬೇವಿನ ಸೊಪ್ಪು ಜಗಿಯುತ್ತ ನಿಂತೇ ಇತ್ತು. ಮೂರನೆಯದಕ್ಕೂ ಜಪ್ಪಯ್ಯ ಅನ್ನಲಿಲ್ಲ. ಒಳಗೊಳಗೇ ನಾನು ಗೆದ್ದಿದ್ದೆ. ನೆಂಟರು ಗಡಿಯಾರ ನೋಡಿಕೊಳ್ಳತೊಡಗಿದರು. ಕಡಿಯಲು ಬಂದವನು ಮಚ್ಚು ಕೆಳಗಿಟ್ಟು ಬೀಡಿ ಹಚ್ಚಿದ. ಅಂಗಡಿಯಿಂದ ಕೋಳಿಯನ್ನಾದರೂ ತರಿಸೋಣವೇ ಎಂದು ಹಿಂದೆ ಯಾರೋ ಪಿಸುಗುಟ್ಟಿದರು.

ಆಮೇಲೆ ದೊಡ್ಡಪ್ಪನನ್ನು ನೋಡಿದೆ. ಅದು ಸಿಕ್ಕಿಬಿದ್ದವರ ಮುಖವಾಗಿರಲಿಲ್ಲ. ಎದೆಯ ಮೇಲೆ ಹೊಲಿಗೆಯ ಗುರುತಿದ್ದಲ್ಲಿ ಕೈಯಿಟ್ಟುಕೊಂಡು ಮಗುವಿನ ಹಾಗೆ ಹೆದರಿದ್ದರು.

"ನಾನ್ ಉಳ್ಕಂಡಿದ್ದು ಆ ತಾಯಿಗೆ ಇಷ್ಟ ಇಲ್ಲ ಕಣಮ್ಮ," ಎಂದರು. "ಓಗ್ಲಿ ಬುಡು, ಅಗ್ಗ ಬಿಚ್ಬುಡಾನ. ಅದು ಒಪ್ದೇ ಕಡಿಯೋದ್ ಬ್ಯಾಡ."

ಬಿಚ್ಚಲು ತಾವೇ ಗೂಟದ ಕಡೆ ಬಗ್ಗಿದರು. ಈ ಮನುಷ್ಯ ಮೂವತ್ತು ವರ್ಷದಲ್ಲಿ ಒಂದು ಹನಿಯನ್ನೂ ಆಚೀಚೆ ಮಾಡಿಲ್ಲ ಎಂದು ನನಗೆ ಆಗ ಖಚಿತವಾಯಿತು. ನಾಚಿಕೆಯಿಂದ ಭೂಮಿಗಿಳಿದು ಹೋದೆ. ಟಗರು ಬದುಕಿಕೊಳ್ಳುತ್ತಿತ್ತು, ನಾನು ಸುಮ್ಮನಿದ್ದರೆ ಸಾಕಿತ್ತು.

"ತಡೀರಿ ದೊಡ್ಡಪ್ಪ, ಚೊಂಬಲ್ಲಿ ಇನ್ನೂ ಒಂಚೂರು ಇದೆ," ಎಂದೆ. ಅವರು ತಲೆಯೆತ್ತುವ ಮೊದಲು ಉಳಿದ ನೀರನ್ನು ಟಗರಿನ ಎಡಗಿವಿಯೊಳಗೆ ಸುರಿದೆ.

ತಲೆಯಿಂದ ಬಾಲದವರೆಗೆ ಕೊಡವಿತು. ಹಾರದ ಹೂಗಳು ನನ್ನ ಸೀರೆಗೆ ಸಿಡಿದವು. "ಒಪ್ಕಬುಡ್ತು!" ಎಂದು ಎಲ್ಲರೂ ಕೂಗಿದರು. ದೊಡ್ಡಪ್ಪ ಅಲ್ಲೇ ಕೂತು ಅತ್ತುಬಿಟ್ಟರು. ಅವರ ಬೆನ್ನು ಸವರುತ್ತ ನಾನು ಟಗರಿನ ಕಡೆ ನೋಡಲಿಲ್ಲ.

ಕಡಿದಾದ ಮೇಲೆ ತಲೆಯನ್ನು ಬಾಳೆಎಲೆಯಲ್ಲಿ ಮಾರಮ್ಮನ ಮುಂದಿಟ್ಟರು. ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಅದರ ಎಡಗಿವಿಯನ್ನು ಒರೆಸಿದರು. ಬಲಗಿವಿಯನ್ನು ಮುಟ್ಟಲಿಲ್ಲ. ಎಡಗಿವಿಗೆ ರಕ್ತ ಅಂಟಿತ್ತೋ, ಒಳಗೆ ನೀರು ಉಳಿದಿತ್ತೋ, ನಾನು ನಿಂತಲ್ಲಿಗೆ ಕಾಣಲಿಲ್ಲ.

ಊಟಕ್ಕೆ ಕೂತಾಗ ಅವರೇ ಸೌಟು ಹಿಡಿದು ಬಂದು ನನ್ನ ಎಲೆಗೆ ಮೊದಲು ಬಡಿಸಿದರು.

"ಮುಂದಿನ್ ವರ್ಸನೂ ನೀನೇ ಹುಯ್ಯವ್ವ," ಎಂದರು. "ನಿನ್ ಕೈಗುಣ ಚೆನ್ನಾಗದೆ."

ಅವರ ಮುಖ ನೋಡಿದೆ. ಏನೂ ತಿಳಿಯಲಿಲ್ಲ. ನಾನು ಮೊದಲ ತುತ್ತು ಬಾಯಿಗಿಟ್ಟು ನುಂಗುವವರೆಗೂ ಅವರು ಸೌಟು ಹಿಡಿದು ಅಲ್ಲೇ ನಿಂತಿದ್ದರು.